ಕೋವಿಡ್ ವಾಸಿಯಾಗಿತ್ತು, ಕರುಳು ಯಾಕೆ ಕಪ್ಪಾಯಿತು?

ಪ್ರಶ್ನೆ: 2021ರಲ್ಲಿ ನಮ್ಮ ಭಾವನಿಗೆ ಕೋವಿಡ್ ವಾಸಿಯಾಗಿ ಹದಿನೈದು ದಿನಕ್ಕೆ ವಿಪರೀತ ಹೊಟ್ಟೆನೋವು ಬಂತು. ಗ್ಯಾಂಗ್ರೀನ್ ಆಗಿದೆ ಎಂದು ಕರುಳು ಕತ್ತರಿಸಿ ತೆಗೆದರು. ಶ್ವಾಸಕೋಶದ ಕಾಯಿಲೆಗೂ ಕರುಳಿಗೂ ಏನು ಸಂಬಂಧ? ಈಗ ಮನೆಯಲ್ಲಿ ಯಾರಿಗೆ ಜ್ವರದ ನಂತರ ಹೊಟ್ಟೆ ನೊಂದರೂ ಎದೆ ಧಸಕ್ಕೆನ್ನುತ್ತದೆ.

ಉತ್ತರ: ಸಂಬಂಧ ಇದೆ, ಅದು ರಕ್ತನಾಳದ ಮೂಲಕ. ಹೃದಯದಿಂದ ಹೊಟ್ಟೆಗೆ ಇಳಿದು ಬರುವ ದೊಡ್ಡ ರಕ್ತನಾಳವಾದ ಮಹಾಪಧಮನಿಯಿಂದ ಹೆಚ್ಚುಕಡಿಮೆ ಪೆನ್ಸಿಲ್ ದಪ್ಪದ ಕವಲೊಂದು ಹೊರಡುತ್ತದೆ. ಸಣ್ಣ ಕರುಳು ಬಹುಪಾಲು, ದೊಡ್ಡ ಕರುಳಿನ ಮೊದಲರ್ಧ, ಎಲ್ಲವೂ ಆ ಒಂದು ನಾಳವನ್ನೇ ನಂಬಿಕೊಂಡಿವೆ. ಕೋವಿಡ್ ಸೋಂಕು ರಕ್ತನಾಳಗಳ ಒಳಗೋಡೆಯನ್ನು ಕೆರಳಿಸಿ, ರಕ್ತ ಬೇಗ ಹೆಪ್ಪುಗಟ್ಟುವ ಹಾಗೆ ಮಾಡುತ್ತದೆ. ಹಾಸಿಗೆ ಹಿಡಿದಿದ್ದು, ನೀರು ಸರಿಯಾಗಿ ಕುಡಿಯದಿದ್ದದ್ದು, ಮೊದಲೇ ಇದ್ದ ಶುಗರ್, ಬಿಪಿ ಸೇರಿಕೊಂಡರೆ ಇನ್ನೂ ಕಷ್ಟ. ಕಾಲಿನಲ್ಲಿ, ಶ್ವಾಸಕೋಶದಲ್ಲಿ ಹೆಪ್ಪು ಕಟ್ಟಿದಂತೆ ಕೆಲವರಿಗೆ ಕರುಳಿನ ನಾಳದಲ್ಲೂ ಕಟ್ಟಿತು. ನೆಗೆಟಿವ್ ರಿಪೋರ್ಟ್ ಕೈಗೆ ಬಂದ ದಿನವೇ ರಕ್ತದ ಈ ಗುಣ ಹೋಗುವುದಿಲ್ಲ, ಕೆಲವು ವಾರ ಉಳಿಯಬಹುದು. ನಿಮ್ಮ ಭಾವನ ಹದಿನೈದು ದಿನದ ಲೆಕ್ಕ ಅಲ್ಲಿಗೆ ಹೊಂದುತ್ತದೆ.

ಈ ನೋವಿಗೆ ಒಂದು ವಿಚಿತ್ರ ಲಕ್ಷಣ ಉಂಟು. ರೋಗಿ ಮೊಣಕಾಲನ್ನು ಎದೆಗೆ ಅವುಚಿಕೊಂಡು ಹೊರಳಾಡುತ್ತಿರುತ್ತಾರೆ, ಹೊಟ್ಟೆ ಮುಟ್ಟಿದರೆ ಮೆತ್ತಗಿರುತ್ತದೆ. ಒತ್ತಿದರೂ ‘ಅಯ್ಯೋ’ ಅನ್ನುವುದಿಲ್ಲ. ಅಲ್ಟ್ರಾಸೌಂಡ್ ಮಾಡಿದರೆ ಗ್ಯಾಸ್ ತುಂಬಿದೆ ಎಂದಷ್ಟೇ ಬರಬಹುದು. ನಮ್ಮಲ್ಲೋ ಎದೆಯಿಂದ ಕೆಳಗೆ ಎಲ್ಲಿ ನೊಂದರೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು. ಓಮದ ಕಷಾಯ, ಇಂಗು ಹಾಕಿದ ಮಜ್ಜಿಗೆ, ಮೆಡಿಕಲ್ ಶಾಪಿನ ಗ್ಯಾಸ್ ಮಾತ್ರೆ, ಕೊನೆಗೆ ‘ಬೆಳಿಗ್ಗೆ ನೋಡೋಣ’. ರಕ್ತ ಪೂರ್ತಿ ನಿಂತರೆ ಕರುಳು ತಡೆದುಕೊಳ್ಳುವುದು ಸುಮಾರು ಆರು ಗಂಟೆ. ನಡುವೆ ನೋವು ಕಡಿಮೆಯಾಗಿ ಮನೆಯವರು ಉಸಿರು ಬಿಡುವುದೂ ಉಂಟು. ಅದು ಕರುಳು ಸತ್ತು ನೋವಿನ ಅರಿವೇ ಹೋದ ಗಳಿಗೆಯೂ ಆಗಿರಬಹುದು. ಮಲದಲ್ಲಿ ರಕ್ತ, ಹೊಟ್ಟೆ ಹಲಗೆಯಂತೆ ಬಿಗಿಯುವುದು, ಬಿಪಿ ಇಳಿಯುವುದು ಇವೆಲ್ಲ ಸಾಮಾನ್ಯವಾಗಿ ತಡವಾಗಿ ಕಾಣುತ್ತವೆ.

ಇದನ್ನು ಹಿಡಿಯುವ ಪರೀಕ್ಷೆ ಸಿಟಿ ಆಂಜಿಯೋಗ್ರಾಮ್, ಅಂದರೆ ರಕ್ತನಾಳಕ್ಕೆ ಡೈ ಹಾಕಿ ತೆಗೆಯುವ ಸಿಟಿ ಸ್ಕ್ಯಾನ್. ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಸ್ವಲ್ಪ ಹೆಚ್ಚಿದೆ, ಡೈಯಿಂದ ಕಿಡ್ನಿಗೆ ತೊಂದರೆಯಾದೀತು ಎಂದು ಇದನ್ನು ಮುಂದೂಡಿದರೆ ಕಿಡ್ನಿ ಉಳಿಸಲು ಹೋಗಿ ಜೀವಕ್ಕೇ ಸಂಚಕಾರ ತಂದುಕೊಂಡ ಹಾಗೆ. ಜೊತೆಗೆ ಹೋದವರು ‘ಡಾಕ್ಟ್ರೇ, ಎರಡು ವಾರದ ಹಿಂದೆ ಕೋವಿಡ್ ಆಗಿತ್ತು, ಕರುಳಿನ ರಕ್ತನಾಳ ಕಟ್ಟಿರಬಹುದಾ?’ ಎಂದು ಬಾಯಿಬಿಟ್ಟು ಕೇಳಿ. ಕೇಳಿದ್ದಕ್ಕೆ ಯಾರಾದರೂ ಮುಖ ಸಿಂಡರಿಸಿದರೆ ಸಿಂಡರಿಸಲಿ.

ಆಪರೇಷನ್ನಿಗೆಂದು ಹೊಟ್ಟೆ ತೆರೆದಾಗ ಆರೋಗ್ಯವಂತ ಕರುಳು ನಸುಗೆಂಪು, ಹೊಳೆಯುತ್ತಿರುತ್ತದೆ, ಬೆರಳು ತಾಗಿಸಿದರೆ ಎರೆಹುಳದಂತೆ ಸುರುಳುತ್ತದೆ. ರಕ್ತ ನಿಂತ ಕರುಳು ಹೊಳಪಿಲ್ಲದೆ, ನೇರಳೆಯಿಂದ ಕಪ್ಪಿಗೆ ತಿರುಗಿ ಸುಮ್ಮನೆ ಬಿದ್ದಿರುತ್ತದೆ. ಹೆಪ್ಪು ತೆಗೆದ ಮೇಲೆ ಬೆಚ್ಚನೆಯ ಸಲೈನಿನಲ್ಲಿ ನೆನೆಸಿದ ಬಟ್ಟೆ ಹೊದಿಸಿ, ಬಣ್ಣ ಮರಳುತ್ತದೆಯೇ ಎಂದು ಕಾಯುತ್ತಾರೆ. ಮರಳದ ಭಾಗವನ್ನು ಕತ್ತರಿಸುತ್ತಾರೆ. ಅನುಮಾನವಿದ್ದರೆ 24ರಿಂದ 48 ಗಂಟೆಯೊಳಗೆ ಮತ್ತೊಮ್ಮೆ ಹೊಟ್ಟೆ ತೆರೆದು ನೋಡುವುದೂ ಉಂಟು. ಸಣ್ಣ ಕರುಳು 2 ಮೀಟರಿಗಿಂತ ಕಡಿಮೆ ಉಳಿದರೆ ಉಂಡದ್ದು ಮೈಗೆ ಹತ್ತುವುದು ಕಷ್ಟ. ಅದರ ಕೊನೆಯ ಭಾಗ ಹೋಗಿದ್ದರೆ ಬಿ12 ಇಂಜೆಕ್ಷನ್ ಸಾಮಾನ್ಯವಾಗಿ ಜೀವನಪೂರ್ತಿ ಬೇಕು. ಹೆಪ್ಪು ಅಭಿಧಮನಿಯಲ್ಲಿ, ಅಂದರೆ ಕರುಳಿನಿಂದ ರಕ್ತವನ್ನು ವಾಪಸು ಒಯ್ಯುವ ನಾಳದಲ್ಲಿ, ಕಟ್ಟಿದ್ದರೆ ನೋವು ನಿಧಾನವಾಗಿ, ಕೆಲವು ದಿನ ಹಿಡಿದು ಏರುತ್ತದೆ. ಬೇಗ ಗೊತ್ತಾದರೆ ಹಲವರು ಹೆಪ್ಪುತಡೆ ಔಷಧದಲ್ಲೇ ಪಾರಾಗುತ್ತಾರೆ.

ಬೇರೆ ವೈರಸ್‌ಗಳ ಕತೆ ಬೇರೆ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೆ ಬರುವ ತೀವ್ರ ಹೊಟ್ಟೆನೋವು ಅಪಾಯದ ಸೂಚನೆ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ರಕ್ತನಾಳಗಳಿಂದ ದ್ರವ ಸೋರುತ್ತಿರುತ್ತದೆ, ಚಾಕು ಹಿಡಿಯುವ ಅಗತ್ಯ ಬರುವುದು ಅಪರೂಪ. ಕಿಡ್ನಿ ಕಸಿಯಾದವರು, ಬಹಳ ಕಾಲ ಸ್ಟೆರಾಯ್ಡ್ ತೆಗೆದುಕೊಂಡವರಲ್ಲಿ ಸೈಟೊಮೆಗಲೊವೈರಸ್ ದೊಡ್ಡ ಕರುಳಿನಲ್ಲಿ ಹುಣ್ಣು ಮಾಡಿ ರಕ್ತ ಹರಿಸಬಲ್ಲದು. ಅದಕ್ಕೆ ಔಷಧವಿದೆ.

ನಿಮ್ಮ ಮನೆಯ ಭಯದ ಮಾತಿಗೆ ಬಂದರೆ, ವೈರಸ್ ಜ್ವರದ ನಂತರ ಹೊಟ್ಟೆ ಕೆಟ್ಟವರಲ್ಲಿ ಹೆಚ್ಚಿನವರದು ಈ ಕಾಯಿಲೆ ಅಲ್ಲವೇ ಅಲ್ಲ. ಆಗಾಗ ಹಿಂಡಿ, ಮಲ ಹೋದ ಮೇಲೆ ಹಗುರಾಗುವ, ನಿದ್ದೆಯಿಂದ ಎಬ್ಬಿಸದ ನೋವಿಗೆ ಮಧ್ಯರಾತ್ರಿ ಓಡಬೇಕಿಲ್ಲ. ಇದ್ದಕ್ಕಿದ್ದಂತೆ ಶುರುವಾಗಿ ಒಂದೇ ಸಮನೆ ಕಾಡುವ, ಮಾತ್ರೆಗೆ ಜಗ್ಗದ ನೋವಾದರೆ ಆ ರಾತ್ರಿಯೇ ಹೊರಡಿ. ಹೃದಯದ ಬಡಿತ ಏರುಪೇರಾಗುವ ತೊಂದರೆ ಇದ್ದವರಂತೂ ಕಾಯಲೇಬಾರದು. ಭಾವ ಇನ್ನೂ ಹೆಪ್ಪುತಡೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಾವಾಗಿಯೇ ನಿಲ್ಲಿಸುವುದು ಬೇಡ, ಹಲ್ಲು ಕೀಳಿಸಲು ಹೋದಾಗಲೂ ಆ ಮಾತ್ರೆಯ ಚೀಟಿ ಜೇಬಿನಲ್ಲಿರಲಿ.