ಹೃದಯದ ಗಡ್ಡೆ ಮಿದುಳು ಮುಟ್ಟುವ ದಾರಿ

ಹೃದಯದಲ್ಲಿ ಕಾಣುವ ಗಡ್ಡೆಗಳು ಬಹುಪಾಲು ಬೇರೆ ಅಂಗದ ಕ್ಯಾನ್ಸರ್‌ನಿಂದ ಬಂದವು. ಅಲ್ಲೇ ಹುಟ್ಟುವ ಪ್ರಾಥಮಿಕ ಗಡ್ಡೆ ತೀರಾ ಅಪರೂಪ: ಮರಣೋತ್ತರ ಪರೀಕ್ಷೆಗಳ ಲೆಕ್ಕದಲ್ಲಿ ಸುಮಾರು 0.02%. ಅದರಲ್ಲೂ ಸುಮಾರು ಮುಕ್ಕಾಲು ಪಾಲು ಕ್ಯಾನ್ಸರ್ ಅಲ್ಲದವು. ವಯಸ್ಕರಲ್ಲಿ ಮುಖ್ಯವಾಗಿ ಮಿಕ್ಸೋಮಾ ಎಂಬ ಮೆತ್ತಗಿನ ಗಡ್ಡೆ. ಉಳಿದ ಮಾರಕ ಗಡ್ಡೆಗಳಲ್ಲಿ ಸಾರ್ಕೋಮಾಗಳದ್ದೇ (ಸ್ನಾಯು, ರಕ್ತನಾಳದಂಥ ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರ್) ಮೇಲುಗೈ.

ಗಡ್ಡೆಯ ಹೆಸರು ಬಾಯಿಪಾಠ ಮಾಡುವ ಮೊದಲು ಅದು ಯಾವ ಕೋಣೆಯಲ್ಲಿದೆ ಎಂದು ನೋಡಿ. ರಕ್ತನಾಳದ ಕೋಶಗಳ ಸಾರ್ಕೋಮಾ ಆದ ಆಂಜಿಯೋಸಾರ್ಕೋಮಾ ಹೆಚ್ಚಾಗಿ ಬಲ ಹೃತ್ಕರ್ಣದಲ್ಲಿ (ಹೃದಯದ ಮೇಲಿನ ಕೋಣೆ) ಹುಟ್ಟುತ್ತದೆ. ಅಲ್ಲಿಂದ ಕಳಚಿದ ಕೋಶಗಳಿಗೆ ಮೊದಲು ಸಿಗುವುದು ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳು; ಹಾಗಾಗಿಯೇ ಶ್ವಾಸಕೋಶಕ್ಕೆ ಹರಡುವುದು ಹೆಚ್ಚು. ಎಡ ಹೃತ್ಕರ್ಣದ ಗಡ್ಡೆಗೆ ಈ ಜರಡಿ ಇಲ್ಲ. ಮೈಟ್ರಲ್ ಕವಾಟ, ಎಡ ಹೃತ್ಕುಕ್ಷಿ (ಕೆಳಗಿನ ಕೋಣೆ), ಮಹಾಪಧಮನಿ ದಾಟಿದರೆ ಕತ್ತಿನ ಕರೋಟಿಡ್ ರಕ್ತನಾಳದ ಮೂಲಕ ನೇರ ಮಿದುಳಿಗೆ.

ಮಿಕ್ಸೋಮಾ ಹೆಚ್ಚಾಗಿ ಎಡ ಹೃತ್ಕರ್ಣದ್ದೇ. ಮೆತ್ತಗಿನ ಅದರ ತುಣುಕು ಕಿತ್ತುಹೋಗಿ ಮಿದುಳಿನ ರಕ್ತನಾಳ ಮುಚ್ಚಿದರೆ ಪಾರ್ಶ್ವವಾಯು. ಇದನ್ನು ಮೆಟಾಸ್ಟಾಸಿಸ್ (ಗಡ್ಡೆಯ ಕೋಶ ಬೇರೆ ಅಂಗಕ್ಕೆ ಹರಡಿ ಬೆಳೆಯುವುದು) ಅನ್ನಬಾರದು. ಆದರೆ ಅಪರೂಪಕ್ಕೆ ಸಿಕ್ಕಿಕೊಂಡ ಕೋಶಗಳು ಬದುಕುಳಿದು ನಾಳದ ಗೋಡೆಗೆ ನುಗ್ಗುತ್ತವೆ. ಆಗ ಅನ್ಯೂರಿಸಂ (ನಾಳದ ಗೋಡೆ ಉಬ್ಬುವುದು) ಆಗಬಹುದು, ಇನ್ನೂ ಅಪರೂಪವಾಗಿ ಮಿದುಳಿನಲ್ಲೇ ಗಡ್ಡೆ ಬೆಳೆಯಬಹುದು. ಹೃದಯದ ಗಡ್ಡೆ ತೆಗೆದು ವರ್ಷಗಳಾದ ಮೇಲೂ. ಪಾರ್ಶ್ವವಾಯುವಿನಲ್ಲಿ ನಾಳದಿಂದ ಹೊರತೆಗೆದ ಹೆಪ್ಪನ್ನು ಪೆಥಾಲಜಿಗೆ (ಅಂಗಾಂಶ ಪರೀಕ್ಷೆಗೆ) ಕಳಿಸಬೇಕು ಎನ್ನುವುದು ಇದಕ್ಕೇ. ಹೃದಯದ ರೋಗ ಕೆಲವು ಸಲ ಆ ಪರೀಕ್ಷೆಯಲ್ಲೇ ಮೊದಲು ಬಯಲಾಗುತ್ತದೆ.

ಮಿದುಳಿಗೆ ಹರಡಿದ ಸಾರ್ಕೋಮಾದ ಚಿತ್ರಣವೇ ಬೇರೆ. ಎಂಆರ್‌ಐಯಲ್ಲಿ ಬೂದು ಮತ್ತು ಬಿಳಿ ಭಾಗ ಸೇರುವ ಗಡಿಯಲ್ಲಿ ಹಲವು ಗಂಟುಗಳು, ಸುತ್ತ ಬಾವು; ಆಂಜಿಯೋಸಾರ್ಕೋಮಾ ಆದರೆ ಒಳಗೆ ರಕ್ತಸ್ರಾವ. ರಕ್ತ ಸುರಿಸುವ ಮೆಟಾಸ್ಟಾಸಿಸ್ ಎಂದರೆ ನಮಗೆ ಮೆಲನೋಮಾ (ಚರ್ಮದ ಕ್ಯಾನ್ಸರ್), ಮೂತ್ರಪಿಂಡ, ಥೈರಾಯ್ಡ್ ಕ್ಯಾನ್ಸರ್, ಕೋರಿಯೋಕಾರ್ಸಿನೋಮಾ (ಮಾಸು ಮೂಲದ ಕ್ಯಾನ್ಸರ್) ಥಟ್ಟನೆ ನೆನಪಾಗುತ್ತವೆ. ಹೃದಯ ಆ ಪಟ್ಟಿಯಲ್ಲಿ ಇರುವುದೇ ಇಲ್ಲ, ನನ್ನ ಪ್ರಕಾರ ಇರಲೇಬೇಕು. ಚಿಕ್ಕ ವಯಸ್ಸು, ಏದುಸಿರು, ಹೃದಯದ ಸುತ್ತ ರಕ್ತಮಿಶ್ರಿತ ನೀರು, ಮೂಲ ಸಿಗದ ಮಿದುಳಿನ ಗಂಟು ಒಟ್ಟಿಗೆ ಕಂಡರೆ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಲೇಬೇಕು. ಆ ನೀರಿನಲ್ಲಿ ಕ್ಯಾನ್ಸರ್ ಕೋಶ ಸಿಗಲಿಲ್ಲ ಎಂದು ಸಮಾಧಾನಪಡುವಂತಿಲ್ಲ, ಆಂಜಿಯೋಸಾರ್ಕೋಮಾದಲ್ಲಿ ಎಷ್ಟೋ ಸಲ ಸಿಗುವುದಿಲ್ಲ. ಕಾರ್ಡಿಯಾಕ್ ಎಂಆರ್‌ಐ, ಬಯಾಪ್ಸಿಯಿಂದ ರೋಗ ಖಚಿತವಾಗುತ್ತದೆ. ಬಯಾಪ್ಸಿಯ ಅಂಗಾಂಶದಲ್ಲಿ ಸಿಡಿ31, ಇಆರ್‌ಜಿ ಎಂಬ ಪ್ರೋಟೀನ್‌ಗಳು ಪಾಸಿಟಿವ್ ಬಂದರೆ ರಕ್ತನಾಳದ ಕೋಶಮೂಲದ ಸುಳಿವು.

ಚಿಕಿತ್ಸೆಯಲ್ಲಿ ಡಾಕ್ಸೋರುಬಿಸಿನ್, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಗಳ ಹೆಸರು ಬರುತ್ತವೆ, ಆದರೆ ರಕ್ತದಿಂದ ಮಿದುಳಿಗೆ ಔಷಧ ಹೋಗದಂತೆ ತಡೆಯುವ ರಕ್ತ-ಮಿದುಳು ತಡೆಗೋಡೆ ದಾಟುವಲ್ಲಿ ಎರಡೂ ದುರ್ಬಲ. ಆದ್ದರಿಂದ ಮಿದುಳಿನ ಗಂಟಿಗೆ ಶಸ್ತ್ರಚಿಕಿತ್ಸೆ ಅಥವಾ ರೇಡಿಯೋಸರ್ಜರಿ (ಗಂಟಿಗೆ ಗುರಿಯಿಟ್ಟ ವಿಕಿರಣ). ಹೃದಯದ ಆಪರೇಷನ್‌ಗೆ ಮುಂಚೆ ಮಿದುಳಿನ ಸ್ಕ್ಯಾನ್ ಮರೆಯಬೇಡಿ: ಹಾರ್ಟ್-ಲಂಗ್ ಯಂತ್ರಕ್ಕೆ ಭಾರೀ ಪ್ರಮಾಣದ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಬೇಕು, ಗೊತ್ತಿಲ್ಲದೆ ಕೂತ ಗಂಟು ಆಗಲೇ ರಕ್ತ ಸುರಿಸಬಹುದು.