ಪಾವ್ ಸಿಕ್ಕಿಕೊಳ್ಳುತ್ತದೆ, ಗಂಜಿ ಇಳಿಯುತ್ತದೆ: ಹಾಗಾದರೆ ಗಂಜಿಯೇ ಸಾಕಾ?

ಪ್ರಶ್ನೆ: ತೂಕ ಇಳಿಸುವ ಸ್ಲೀವ್ ಆಪರೇಷನ್ ಆಗಿ ಮೂರು ತಿಂಗಳಾಯಿತು. ಬೆಳಿಗ್ಗೆ ಪಾವ್ ತಿಂದರೆ ಎದೆಯಲ್ಲಿ ಸಿಕ್ಕಿಕೊಂಡ ಹಾಗಾಗುತ್ತದೆ. ಗಂಜಿಯಾದರೆ ಸಲೀಸಾಗಿ ಇಳಿಯುತ್ತದೆ. ಪಾವ್ ಬಿಟ್ಟು ಗಂಜಿಯಲ್ಲೇ ಇರಬಹುದಾ?
– ಓದುಗರು, ಕಾರವಾರ

ಪಾವ್ ಸದ್ಯಕ್ಕೆ ಬಿಡಿ. ಆದರೆ ನನಗೆ ಜಾಸ್ತಿ ಚಿಂತೆ ಆಗಿದ್ದು ನಿಮ್ಮ ಗಂಜಿಯ ವಿಷಯಕ್ಕೆ.

ಪಾವಿನ ಒಳಗಿನ ಮೆತ್ತನೆ ಭಾಗ ಒಂದು ಚೂರು ಕಿತ್ತು, ಎರಡು ಹನಿ ನೀರು ಹಾಕಿ ಬೆರಳಲ್ಲಿ ಹಿಸುಕಿ ನೋಡಿ. ಅಂಟಂಟಾದ ಉಂಡೆ ಆಗುತ್ತದೆ, ಅಲ್ವಾ? ಬಾಯೊಳಗೂ ಆಗುವುದು ಅದೇ. ಸ್ಲೀವ್ ಆಪರೇಷನ್‌ನಲ್ಲಿ ಜಠರದ ಶೇ. 75ರಿಂದ 80ರಷ್ಟು ಭಾಗ ತೆಗೆದಿರುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಸಣ್ಣ ಕೊಳವೆ. ಅಂಥ ಜಾಗದಲ್ಲಿ ಈ ಉಂಡೆ ಬೇಗ ಸರಿಯುವುದಿಲ್ಲ. ಚೆನ್ನಾಗಿ ಕಾಯಿಸಿದ ಬ್ರೆಡ್ ಪುಡಿಯಾಗುತ್ತದೆ, ಹಾಗಾಗಿ ಹಲವರಿಗೆ ಮೊದಲು ಒಗ್ಗುವುದು ಟೋಸ್ಟ್. ಸಿಕ್ಕಿಕೊಂಡಾಗ ನೀರು ಕುಡಿದು ತಳ್ಳಲು ಹೋಗಬೇಡಿ. ತಿನ್ನುವುದು ನಿಲ್ಲಿಸಿ, ಎದ್ದು ಮೆಲ್ಲಗೆ ಓಡಾಡಿ.

ಇನ್ನು ಗಂಜಿ. ಅದರಲ್ಲಿರುವುದು ಬಹುಪಾಲು ನೀರು, ಉಳಿದದ್ದು ಪಿಷ್ಟ. ಪುಟ್ಟ ಹೊಟ್ಟೆ ಅದರಲ್ಲೇ ತುಂಬಿಬಿಟ್ಟರೆ ಪ್ರೋಟೀನಿಗೆ ಜಾಗ ಎಲ್ಲಿ? ಈ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಹೇಳುತ್ತಾರೆ. ಅದು ಸಿಗದಿದ್ದರೆ ಕೊಬ್ಬಿನ ಜೊತೆ ಮೈಯ ಮಾಂಸಖಂಡವೂ ಕರಗುತ್ತದೆ. ಸುಸ್ತು ಬರುತ್ತದೆ, ಕೂದಲು ಉದುರುವುದೂ ಜಾಸ್ತಿ ಆಗಬಹುದು. ಚಕ್ಕುಲಿ, ಬಿಸ್ಕತ್ತಿನದೂ ಇದೇ ಕಥೆ. ಸಲೀಸಾಗಿ ಇಳಿಯುತ್ತವೆ, ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ, ಕೈ ಮತ್ತೆ ಡಬ್ಬಿಗೆ ಹೋಗುತ್ತದೆ. ವರ್ಷ ಎರಡು ವರ್ಷದ ಮೇಲೆ ತೂಕ ವಾಪಸ್ ಬರುವ ಒಂದು ದಾರಿ ಇದು.

ನಿಮ್ಮೂರಿನಲ್ಲಿ ಮೀನಿಗೆ ಬರವಿಲ್ಲ. 100 ಗ್ರಾಂ ಬಂಗಡೆಯಲ್ಲಿ ಸುಮಾರು 19 ಗ್ರಾಂ ಪ್ರೋಟೀನ್ ಇರುತ್ತದೆ. ಸಾರಿನಲ್ಲಿ ಬೆಂದ ಮೀನಿನ ಮುಳ್ಳು ಬಿಡಿಸಿ, ಚೂರುಚೂರೇ ಬಾಯಿಗೆ ಹಾಕಿ ನುಣ್ಣಗೆ ಅಗಿಯಿರಿ. ಹೊಟ್ಟೆಯಲ್ಲಿ ಜಾಗ ಉಳಿದರೆ ಆಮೇಲೆ ಎರಡು ಚಮಚ ಅನ್ನ, ಗಂಜಿಯಾದರೆ ತಿಳಿ ಬಸಿದು.

ಶಿರಸಿಯಲ್ಲಿರುವ ನನ್ನ ಅಕ್ಕನಿಗೂ ಇದೇ ಆಪರೇಷನ್ ಆಗಿದೆ. ಮೀನು, ಮೊಟ್ಟೆ ಮುಟ್ಟದ ಮನೆ. ಅವಳು ಮೊದಲು ಪನೀರ್ ಅಥವಾ ಹೆಸರುಕಾಳಿನ ಉಸಲಿ ತಿನ್ನುತ್ತಾಳೆ. ತೆಳ್ಳೇವು (ತೆಳು ದೋಸೆ) ಆಮೇಲೆ, ಅದೂ ಅರ್ಧ. ಅವಳಿಗೆ ನಿಜಕ್ಕೂ ಕಷ್ಟವಾಗಿದ್ದು ಊಟದ ನಡುವೆ ಅಪ್ಪೆಹುಳಿ (ಮಾವಿನಕಾಯಿಯ ತಿಳಿ ಸಾರು) ಕುಡಿಯುವ ರೂಢಿ ಬಿಡುವುದು. ಊಟವಾಗಿ ಅರ್ಧ ಗಂಟೆ ಏನೂ ಕುಡಿಯಬಾರದು. ಈಗ ಅವಳ ಅಪ್ಪೆಹುಳಿಯ ಲೋಟ ಮುಚ್ಚಿಟ್ಟು ಕಾಯುತ್ತದೆ.

ತೂಕ ಇಳಿಸಲು ಸ್ಲೀವ್ ಬದಲು ಜಠರದ ಬೈಪಾಸ್ ಆಪರೇಷನ್ ಮಾಡಿಸಿಕೊಂಡವರು ಸಿಹಿಯ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ತಿಂದು 10ರಿಂದ 30 ನಿಮಿಷದಲ್ಲಿ ಎದೆ ಹೊಡೆದುಕೊಳ್ಳುವುದು, ಬೆವರು, ಭೇದಿ ಆಗಬಹುದು. ಇದಕ್ಕೆ ಡಂಪಿಂಗ್ ಅನ್ನುತ್ತಾರೆ.

ಒಂದು ಮಾತು ಮಾತ್ರ ತಡಮಾಡದೆ ಕೇಳಿ. ನೀರೂ ಇಳಿಯದಿದ್ದರೆ, ವಾಂತಿ ನಿಲ್ಲದಿದ್ದರೆ, ಅದು ಪಾವಿನ ತಪ್ಪು ಅಂತ ಸುಮ್ನೆ ಕೂರಬೇಡಿ. ಆವತ್ತೇ ನಿಮ್ಮ ಸರ್ಜನ್‌ಗೆ ಫೋನ್ ಮಾಡಿ. ಕೊಳವೆ ಕಿರಿದಾಗಿರಬಹುದು. ವಾಂತಿ ಮುಂದುವರಿದರೆ ಬಿ1 ವಿಟಮಿನ್ ಕಡಿಮೆಯಾಗಿ ನರಗಳಿಗೇ ಪೆಟ್ಟು ಬೀಳಬಹುದು.

ನಿಮ್ಮ ಡಯಟಿಷಿಯನ್ ಒಪ್ಪಿದ ಮೇಲೆ ಪಾವ್ ಮತ್ತೆ ತಿಂದು ನೋಡಬಹುದು. ಮೀನು ತಿಂದಾದ ಮೇಲೆ, ಕಾಲು ಪಾವ್ ಮಾತ್ರ, ಕಾವಲಿಯ ಮೇಲೆ ಗರಿಗರಿಯಾಗಿ ಕಾಯಿಸಿ.