ಹಂಚಿನ ಮೇಲೆ ಸುಟ್ಟ ಲೆಟ್ಯೂಸ್: ಮೆಕ್ಸಿಕೋ ರುಚಿಯ ಸಲಾಡ್ ಟಿಪ್ಪಣಿ

ಸಲಾಡ್ ಅಂದರೆ ತಣ್ಣಗಿನ ಹಸಿ ಸೊಪ್ಪು, ಅಷ್ಟೇ ಅಲ್ವಾ? ಅದನ್ನು ಸುಡುವುದು ಅಂದಾಗ ನನಗೂ ನಂಬಿಕೆ ಬರಲಿಲ್ಲ. ಆದರೆ ದಾವಣಗೆರೆಯಲ್ಲಿ ಕೆಂಡದ ಮೇಲೆ ಸುಟ್ಟ ಮೆಕ್ಕೆಜೋಳಕ್ಕೆ ನಿಂಬೆಹೋಳಿನಿಂದ ಉಪ್ಪು-ಖಾರ ಉಜ್ಜಿಸಿಕೊಂಡು ತಿಂದವರಿಗೆ ಈ ರುಚಿ ಹೊಸದೇನಲ್ಲ. ಮೆಕ್ಸಿಕೋದ ಬೀದಿಗಳಲ್ಲೂ ಜೋಳಕ್ಕೆ ನಿಂಬೆ, ಮೆಣಸಿನ ಪುಡಿ ಹಾಕಿಯೇ ಕೊಡುತ್ತಾರೆ, ಮೇಲೆ ಚೀಸ್ ಉದುರಿಸುತ್ತಾರೆ. ಅದರ ಹೆಸರು ಎಲೋಟೆ. ಮೆಕ್ಕೆಜೋಳದ ತವರೇ ಮೆಕ್ಸಿಕೋ. ಸುಮಾರು 9,000 ವರ್ಷಗಳ ಹಿಂದೆ ಅಲ್ಲಿನ ಜನ ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು ಪಳಗಿಸಿ ಈ ಬೆಳೆ ಮಾಡಿಕೊಂಡರು. ಮೆಣಸಿನಕಾಯಿ, ಬೆಣ್ಣೆಹಣ್ಣು ಕೂಡ ಆ ಕಡೆಯವೇ. ಲೆಟ್ಯೂಸ್ ಮಾತ್ರ ಅಲ್ಲಿಯದಲ್ಲ.

ಈಗ ಮುಖ್ಯ ವಿಷಯ, ನೀರು. ಲೆಟ್ಯೂಸ್‌ನಲ್ಲಿ ಶೇ. 95ರಷ್ಟು ನೀರೇ ಇರುತ್ತದೆ. ಎಲೆಯ ಮೇಲೂ ನೀರು ನಿಂತಿದ್ದರೆ ಹಂಚಿನ ಶಾಖವೆಲ್ಲ ಅದನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಆ ನೀರು ಆರುವ ತನಕ ಎಲೆಯ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ, ಸುಟ್ಟ ಘಮ ಚೆನ್ನಾಗಿ ಬರುವುದು 140 ಡಿಗ್ರಿ ದಾಟಿದ ಮೇಲೆ. ಮೊದಲ ಸಲ ನಾನು ತೊಳೆದ ಕೂಡಲೇ ಹಂಚಿಗೆ ಹಾಕಿದೆ. ಒಂದು ಕಪ್ಪು ಗೆರೆಯೂ ಬೀಳಲಿಲ್ಲ, ಬಸ್ಸಾರಿನ ಸೊಪ್ಪಿನ ಹಾಗೆ ಮೆತ್ತಗಾಯಿತು. ಎರಡನೇ ಸಲ ತೊಳೆದು, ಉದ್ದಕ್ಕೆ ಸೀಳಿ, ಒಣ ಬಟ್ಟೆಯ ಮೇಲೆ ಬೋರಲು ಹಾಕಿ ಅರ್ಧ ಗಂಟೆ ಬಿಟ್ಟೆ. ಹಂಚಿಗೆ ಇಟ್ಟ ತಕ್ಷಣ ಚುರ್ ಅಂದಿತು. ಒಂದೂವರೆ ನಿಮಿಷ ಮುಟ್ಟಲಿಲ್ಲ. ಎತ್ತಿ ನೋಡಿದರೆ ಅಂಚು ಕಪ್ಪು, ಒಳಗಿನ ಎಲೆ ಇನ್ನೂ ಕರುಕುರು!

ಉದ್ದ ಎಲೆಯ ರೊಮೇನ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಎಲೆಕೋಸಿನ ಹಾಗೆ ಉಂಡೆಯಾಗಿರುವ ಐಸ್‌ಬರ್ಗ್ ಲೆಟ್ಯೂಸ್ ತಂದು ನಾಲ್ಕು ಹೋಳು ಮಾಡಿ. ಬುಡವನ್ನು ಮಾತ್ರ ಕತ್ತರಿಸಿ ಎಸೆಯಬೇಡಿ, ಎಲೆಗಳನ್ನು ಹಿಡಿದಿಟ್ಟಿರುವುದೇ ಅದು. ಸೀಳಿದ ಕಡೆಗೆ ತೆಳ್ಳಗೆ ಶೇಂಗಾ ಎಣ್ಣೆ ಸವರಿ. ನಮ್ಮೂರಿನವರಿಗೆ ಬೆಣ್ಣೆ ಕಡೆಗೇ ಕೈ ಹೋಗುತ್ತದೆ, ಇಲ್ಲಿ ಬೇಡ. ಇಷ್ಟು ಕಾದ ಹಂಚಿನಲ್ಲಿ ಬೆಣ್ಣೆಯೊಳಗಿನ ಹಾಲಿನ ಅಂಶ ಸೀದು ಕಹಿಯಾಗುತ್ತದೆ. ಉಪ್ಪನ್ನೂ ಸುಟ್ಟ ಮೇಲೆಯೇ ಹಾಕಿ. ಮೊದಲೇ ಹಾಕಿದರೆ ಎಲೆ ನೀರು ಬಿಡುತ್ತದೆ.

ಮೆಕ್ಸಿಕೋದಲ್ಲೂ ನಮ್ಮ ಹಂಚಿನಂಥದ್ದೇ ಒಂದಿದೆ, ಕೊಮಾಲ್ ಅನ್ನುತ್ತಾರೆ. ಅದರ ಮೇಲೆ ಎಣ್ಣೆ ಇಲ್ಲದೆ ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಸುಡುತ್ತಾರೆ. ಹಾಗೆ ಸುಟ್ಟರೆ ಘಾಟು ಹೋಗಿ ಸಿಹಿ ಬರುತ್ತದೆ. ನಾಲ್ಕು ಎಸಳು ಹೀಗೆ ಸುಟ್ಟು, ಸಿಪ್ಪೆ ತೆಗೆದು ಜಜ್ಜಿ. ಎರಡು ನಿಂಬೆಯ ರಸ, ಮೂರು ಚಮಚ ಎಣ್ಣೆ, ಹುರಿದ ಜೀರಿಗೆಯ ಪುಡಿ ಅರ್ಧ ಚಮಚ, ಸ್ವಲ್ಪ ಬ್ಯಾಡಗಿ ಪುಡಿ, ಒಂದು ಹಿಡಿ ಕೊತ್ತಂಬರಿ ಸೇರಿಸಿ ಕಲಸಿ. ಅಲ್ಲಿ ಹಾಕುವ ಚಿಪೋಟ್ಲೆ ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿ. ಬ್ಯಾಡಗಿಗೆ ಆ ಹೊಗೆ ವಾಸನೆ ಇಲ್ಲ, ಸುಟ್ಟ ಎಲೆಯಿಂದಲೇ ಅದು ಬರಬೇಕು. ಅದಕ್ಕೇ ಅಂಚು ಕಪ್ಪಾಗಲಿ ಅಂತ ನಾನು ಹಟ ಹಿಡಿಯುವುದು.

ಮೆಕ್ಸಿಕೋದವರು ಪುಡಿ ಮಾಡಿ ಉದುರಿಸುವ ಉಪ್ಪುಪ್ಪಾದ ಕೊತೀಹಾ ಚೀಸ್ ಬದಲು ಪನೀರನ್ನು ಚೆನ್ನಾಗಿ ಹಿಂಡಿ, ಉಪ್ಪು ಜಾಸ್ತಿ ಹಾಕಿ ಪುಡಿ ಮಾಡಿ. ಸುಟ್ಟ ಜೋಳದ ಕಾಳು, ಬೆಣ್ಣೆಹಣ್ಣಿನ ಹೋಳು ಮೇಲೆ ಹಾಕಿ. ನಿಂಬೆಯ ಮಸಾಲೆ ಮಾತ್ರ ತಟ್ಟೆ ಮುಂದಿಟ್ಟುಕೊಂಡ ಮೇಲೆಯೇ ಸುರಿಯಿರಿ. ಹತ್ತು ನಿಮಿಷ ಬಿಟ್ಟರೂ ಎಲೆ ಬಾಡುತ್ತದೆ.